ಸೋಸಲೆ ಗರಳಪುರಿ ಶಾಸ್ತ್ರಿ: ಶ್ರೀಗಂಧಕ್ಕೆ ಸಾಬೂನಿನ ರೂಪ ನೀಡಿದ ರಸಾಯನಶಾಸ್ತ್ರಜ್ಞ

ಮೈಸೂರು ಸಂಸ್ಥಾನದ ಕೈಗಾರಿಕಾ ಇತಿಹಾಸದಲ್ಲಿ ಸೋಸಲೆ ಗರಳಪುರಿ ಶಾಸ್ತ್ರಿಯವರದು ಚಿರಸ್ಮರಣೀಯ ಹೆಸರು. ಇವರು ‘ಸೋಪು ಶಾಸ್ತ್ರಿ’ ಎಂದೇ ಜನಪ್ರಿಯರು.

ಹಿನ್ನೆಲೆ

ಶಿಕಾರಿಪುರ, ಸೊರಬ ತಾಲ್ಲೂಕುಗಳನ್ನೊಳಗೊಂಡ ಶಿವಮೊಗ್ಗ ಜಿಲ್ಲೆಯು ಶ್ರೀಗಂಧಕ್ಕೆ ಹೆಸರಾದುದು. ಸೊರಬದ ಗುಡಿಗಾರರ ಗಂಧದ ಕೆತ್ತನೆ ಪ್ರಸಿದ್ಧವಾಗಿದೆ. ಆದರೆ ಸಂಸ್ಥಾನದ ಗಂಧದ ಬಹುಭಾಗ ಕೊರಡಿನ ರೂಪದಲ್ಲಿಯೇ ಯುರೋಪಿಗೆ ರಫ್ತಾಗಿ, ಎಣ್ಣೆಯ ಲಾಭವು ಅಲ್ಲಿಯವರ ಪಾಲಾಗುತ್ತಿತ್ತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿ ರಫ್ತು ಕುಸಿಯಿತು. ಮಾರಾಟವಾಗದ ಗಂಧ ಕೋಠಿಗಳಲ್ಲಿಯೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತಯಾರಿಕೆ ಆರಂಭಿಸಲಾಯಿತು. ಇದಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಅವರ ಪ್ರಯೋಗಗಳು ನೆರವಾದವು.

ವ್ಯಾಸಂಗ

ರಸಾಯನಶಾಸ್ತ್ರವನ್ನು ಅಭ್ಯಸಿಸಿದ್ದ ಶಾಸ್ತ್ರಿಯವರನ್ನು ಸಾಬೂನು ತಯಾರಿಕೆಯ ತರಬೇತಿಗಾಗಿ ಸರ್ಕಾರವು ಇಂಗ್ಲೆಂಡಿಗೆ ಕಳುಹಿಸಿತು.

ಪಾಠದಿಂದ ಕಾರ್ಖಾನೆಗೆ

ಇಂದು ಕಾಲೇಜಿನ ಆರಂಭಿಕ ತರಗತಿಗಳಲ್ಲಿ ಬೋಧಿಸುವ ತತ್ತ್ವಗಳೇ ಈ ಉದ್ಯಮಕ್ಕೆ ಆಧಾರವಾಗಿವೆ.

ಉಷ್ಣಗತಿಶಾಸ್ತ್ರ: ಗಂಧದೆಣ್ಣೆಯ ಕುದಿಬಿಂದು ನೀರಿಗಿಂತ ಬಹಳ ಹೆಚ್ಚು. ಆದರೆ ಪರಸ್ಪರ ಬೆರೆಯದ ಎರಡು ದ್ರವಗಳ ಆವಿಯೊತ್ತಡಗಳು ಒಟ್ಟುಗೂಡುವುದರಿಂದ, ಹಬೆಯೊಡನೆ ಎಣ್ಣೆಯು 100 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಕಡಿಮೆ ಉಷ್ಣತೆಯಲ್ಲಿಯೇ, ಕೆಡದೆ, ಬಟ್ಟಿಯಿಳಿಯುತ್ತದೆ.

ಕ್ರಿಯೆಯ ವೇಗ: ಕೊಬ್ಬು ಮತ್ತು ಕ್ಷಾರದ್ರಾವಣ ಬೆರೆಯದ ಕಾರಣ ಸಾಬೂನಿನ ಕ್ರಿಯೆ ಮೊದಲು ನಿಧಾನವಾಗಿರುತ್ತದೆ. ಉಂಟಾದ ಸಾಬೂನೇ ಅವೆರಡನ್ನೂ ಬೆರೆಸುವುದರಿಂದ ವೇಗ ಹೆಚ್ಚುತ್ತದೆ.

ಸಮತೋಲನ: ಬಿಡುಗಡೆಯಾಗುವ ಕೊಬ್ಬಿನಾಮ್ಲವು ಕ್ಷಾರದೊಡನೆ ಲವಣವಾಗಿ ಮಾರ್ಪಡುವುದರಿಂದ ಹಿಮ್ಮುಖ ಕ್ರಿಯೆ ನಗಣ್ಯ. ಆದುದರಿಂದ ಕ್ಷಾರದ ಪ್ರಮಾಣ ನಿಖರವಾಗಿರಬೇಕು: ಹೆಚ್ಚಾದರೆ ಚರ್ಮಕ್ಕೆ ಉರಿ, ಕಡಿಮೆಯಾದರೆ ಕೊಬ್ಬು ಉಳಿದು ಸಾಬೂನು ಕಮಟುತ್ತದೆ.

ಸಾಧನೆ

1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಸ್ಥಾಪನೆಯಾಯಿತು. ಶಾಸ್ತ್ರಿಯವರು ಅಪ್ಪಟ ಗಂಧದೆಣ್ಣೆಯ ಸಾಬೂನನ್ನು ರೂಪಿಸಿ, ಆನೆಯ ತಲೆ ಹಾಗೂ ಸಿಂಹದ ದೇಹವುಳ್ಳ ಶರಭವನ್ನು ಅದರ ಲಾಂಛನವಾಗಿ ಆರಿಸಿದರು.

1944ರಲ್ಲಿ ಶಿವಮೊಗ್ಗದಲ್ಲಿಯೂ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಮಲೆನಾಡಿನ ಗಂಧವನ್ನು ಜಿಲ್ಲೆಯಲ್ಲಿಯೇ ಸಂಸ್ಕರಿಸಲು ಅವಕಾಶವಾಯಿತು. 1980ರಲ್ಲಿ ಈ ಘಟಕಗಳನ್ನು ಒಗ್ಗೂಡಿಸಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವನ್ನು ರಚಿಸಲಾಯಿತು. 2006ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.

ಕಾಡಿನ ಕೊರಡನ್ನು ನಾಡಿನ ಉದ್ಯಮವಾಗಿಸಿದ್ದು ರಸಾಯನಶಾಸ್ತ್ರದ ಅರಿವು. ಶಿಕಾರಿಪುರ, ಸೊರಬದ ವಿದ್ಯಾರ್ಥಿಗಳಿಗೆ ಶಾಸ್ತ್ರಿಯವರ ಬದುಕು ಮಾದರಿಯಾಗಿದೆ.