ಬ್ಯಾಡ್ಜ್ ಕೊಟ್ಟ ಸೇನಾನಿ: ಲಾರ್ಡ್ ಬೇಡನ್ ಪೊವೆಲ್

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಹೆತ್ತವರಲ್ಲಿ ಕೆಲವರಾದರೂ ನಮ್ಮಲ್ಲಿ ಕೇಳುವ ಒಂದು ಪ್ರಶ್ನೆಯಿದೆ. ಮಗನನ್ನು ಸ್ಕೌಟ್ಸ್‌ಗೋ ಮಗಳನ್ನು ಗೈಡ್ಸ್‌ಗೋ ಸೇರಿಸಿದರೆ ಎಸ್.ಎಸ್.ಎಲ್.ಸಿ.ಯಲ್ಲಿ ಎಷ್ಟು ಗ್ರೇಸ್ ಮಾರ್ಕು ದೊರೆಯುತ್ತದೆ ಎಂಬುದೇ ಆ ಪ್ರಶ್ನೆ. ಕೇಳುವುದರಲ್ಲಿ ತಪ್ಪಿಲ್ಲ. ಗಡಿನಾಡಿನ ಕನ್ನಡ ಶಾಲೆಯಲ್ಲಿ ಕಲಿಯುವ ಮಗುವಿಗೆ ಒಂದೊಂದು ಅಂಕವೂ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಕಾಸರಗೋಡಿನ ಅಧ್ಯಾಪಕರಾದ ನಾವು ಬಲ್ಲೆವು. ಆದರೆ ತೋಳಿನ ಮೇಲೆ ಹೊಲಿಸಿಕೊಳ್ಳುವ ಆ ಬ್ಯಾಡ್ಜುಗಳನ್ನು ಮೊದಲು ಕಲ್ಪಿಸಿದ ವ್ಯಕ್ತಿಯ ಬದುಕು ನಮ್ಮ ಮಕ್ಕಳಿಗೆ ಹೆಸರಿನಾಚೆಗೆ ತಿಳಿದಿಲ್ಲ. ಶತಮಾನೋತ್ಸವದ ಈ ಸಂಚಿಕೆಯಲ್ಲಿ ಅದನ್ನು ಹೇಳುವುದು ಉಚಿತವೆಂದು ತೋರಿತು.

ರಾಬರ್ಟ್ ಬೇಡನ್ ಪೊವೆಲ್ ಅವರು 1857ರ ಫೆಬ್ರವರಿ 22ರಂದು ಲಂಡನ್ನಿನಲ್ಲಿ ಜನಿಸಿದರು. ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪ್ರಾಧ್ಯಾಪಕರಾಗಿದ್ದ ತಂದೆ, ಮಗನಿಗೆ ಮೂರು ವರ್ಷವಾಗಿದ್ದಾಗಲೇ ತೀರಿಕೊಂಡರು. ದೊಡ್ಡ ಸಂಸಾರವನ್ನು ತಾಯಿ ಹೆನ್ರಿಯೆಟ್ಟಾ ಗ್ರೇಸ್ ಒಬ್ಬರೇ ನಿಭಾಯಿಸಿದರು. ಚಾರ್ಟರ್‌ಹೌಸ್ ಶಾಲೆಯಲ್ಲಿ ಓದುತ್ತಿದ್ದಾಗ ಬಾಲಕನಿಗೆ ಪಾಠಕ್ಕಿಂತ ಶಾಲೆಯ ಪಕ್ಕದ ಕಾಡೇ ಪ್ರಿಯವಾಗಿತ್ತು. ಅಲ್ಲಿ ನುಸುಳಿ, ಮೊಲ ಹಿಡಿದು, ಹೊಗೆ ಮೇಲೇಳದಷ್ಟು ಸಣ್ಣ ಬೆಂಕಿಯಲ್ಲಿ ಬೇಯಿಸಿ, ಹುಡುಕಿ ಬಂದ ಅಧ್ಯಾಪಕರ ಕಣ್ಣು ತಪ್ಪಿಸಿ ಅಡಗುತ್ತಿದ್ದರು. ಮುಖ್ಯೋಪಾಧ್ಯಾಯಿನಿಯ ಸ್ಥಾನದಲ್ಲಿದ್ದು ನಾವಿದನ್ನು ಮೆಚ್ಚಿ ಬರೆಯಬಾರದು, ಆದರೂ ಬರೆದಿದ್ದೇವೆ. ಆಕ್ಸ್‌ಫರ್ಡಿನ ಪ್ರವೇಶ ಅವರಿಗೆ ದಕ್ಕಲಿಲ್ಲ. ಆದರೆ 1876ರಲ್ಲಿ ಸೇನೆಯ ಪರೀಕ್ಷೆಗೆ ಕುಳಿತು, ಅಶ್ವದಳದ ಅಭ್ಯರ್ಥಿಗಳಲ್ಲಿ ಎರಡನೆಯವರಾಗಿ ತೇರ್ಗಡೆ ಹೊಂದಿ, ನೇರವಾಗಿ ಭಾರತಕ್ಕೆ, ಲಕ್ನೋ ನಗರದಲ್ಲಿದ್ದ ಹುಸಾರ್ ಪಡೆಗೆ ಬಂದರು.

ಬ್ಯಾಡ್ಜಿನ ಕಥೆ ಆರಂಭವಾಗುವುದೂ ನಮ್ಮ ದೇಶದಲ್ಲೇ ಎಂಬುದು ಅನೇಕರಿಗೆ ಹೊಸ ವಿಷಯವಾಗಬಹುದು. 1897ರಲ್ಲಿ ಮೀರತ್‌ನಲ್ಲಿ ಮತ್ತೊಂದು ಅಶ್ವದಳದ ಅಧಿಪತಿಯಾದ ಅವರು, ತಮ್ಮ ಸೈನಿಕರಿಗೆ ಹೆಜ್ಜೆಗುರುತು ಓದುವುದು, ನಕ್ಷೆ ಬರೆಯುವುದು, ಒಬ್ಬಂಟಿಯಾಗಿ ದಾರಿ ಹುಡುಕಿ ಮರಳುವುದು ಮುಂತಾದ ಗೂಢಚಾರ ವಿದ್ಯೆಗಳನ್ನು ಕಲಿಸಿದರು. ಪರೀಕ್ಷೆಯಲ್ಲಿ ಗೆದ್ದವರಿಗೆ ತೋಳಿನ ಮೇಲೆ ಧರಿಸಲು ಒಂದು ಚಿಹ್ನೆ ಕೊಟ್ಟರು. ದಿಕ್ಸೂಚಿಯಲ್ಲಿ ಉತ್ತರವನ್ನು ತೋರುವ ಮೂರೆಸಳಿನ ಹೂವಿನ ಚಿಹ್ನೆಯದು. ಅದನ್ನು ಧರಿಸಿದವನನ್ನು ಕತ್ತಲಲ್ಲಿ ಮುಂದೆ ಕಳುಹಿಸಬಹುದು, ಹಿಂದಿರುವವರು ಅವನನ್ನು ನಂಬಬಹುದು ಎಂಬುದೇ ಅದರ ಅರ್ಥ.

ಅವರನ್ನು ಜಗತ್ಪ್ರಸಿದ್ಧರನ್ನಾಗಿ ಮಾಡಿದ್ದು ದಕ್ಷಿಣ ಆಫ್ರಿಕದ ಮಾಫೆಕಿಂಗ್ ಪಟ್ಟಣ. ಬೋಯರ್ ಸೈನ್ಯದ ಮುತ್ತಿಗೆಗೆ ಸಿಕ್ಕಿದ ಆ ಊರನ್ನು 1899ರ ಅಕ್ಟೋಬರಿನಿಂದ 1900ರ ಮೇ ವರೆಗೆ, 217 ದಿನ, ಅವರು ಕಾಪಾಡಿಕೊಂಡರು. ಅಲ್ಲಿ ಬಾಲಕರ ತುಕಡಿಯೊಂದು ಸಂದೇಶ ಒಯ್ಯುತ್ತಿತ್ತು, ಕಾವಲು ಕಾಯುತ್ತಿತ್ತು. ಹೊಣೆ ಹೊರಿಸಿದರೆ ಹುಡುಗರು ಹೊರಬಲ್ಲರೆಂಬುದನ್ನು ಅವರು ಕಂಡುಕೊಂಡದ್ದು ಇಲ್ಲಿ. ಆದರೆ ಅದೇ ಮುತ್ತಿಗೆಯಲ್ಲಿ ಆಹಾರ ಹಂಚುವಾಗ ಕರಿಯ ಜನರ ಪಾಲು ಬಿಳಿಯರದಕ್ಕಿಂತ ಕಿರಿದಾಗಿತ್ತೆಂದೂ, ಅವರಲ್ಲಿ ಹಲವರು ಹಸಿವಿನಿಂದ ಸತ್ತರೆಂದೂ ಇತಿಹಾಸಕಾರರು ಬರೆದಿದ್ದಾರೆ. ಮಕ್ಕಳಿಗೆ ಮಹನೀಯರ ಚರಿತ್ರೆ ಹೇಳುವಾಗ ಇಂಥದ್ದನ್ನು ಬಿಟ್ಟುಬಿಡುವ ರೂಢಿಯಿದೆ. ನಾವು ಬಿಡಲಾರೆವು.

1907ರ ಆಗಸ್ಟಿನಲ್ಲಿ, ಇಂಗ್ಲೆಂಡಿನ ದಕ್ಷಿಣ ತೀರದ ಬ್ರೌನ್‌ಸೀ ದ್ವೀಪದಲ್ಲಿ ಅವರು ಸುಮಾರು ಇಪ್ಪತ್ತು ಹುಡುಗರೊಡನೆ ಶಿಬಿರ ಹೂಡಿದರು. ಸಿರಿವಂತರ ಶಾಲೆಯ ಮಕ್ಕಳೂ ದುಡಿಯುವವರ ಮಕ್ಕಳೂ ಒಂದೇ ಡೇರೆಯಲ್ಲಿ ಮಲಗಿದರು. ಬಂದವರಿಗೆಲ್ಲ ಮೀರತ್‌ನ ಅದೇ ಹೂವಿನ ಹಿತ್ತಾಳೆ ಬ್ಯಾಡ್ಜ್ ದೊರೆಯಿತು. ಗಂಟು ಹಾಕುವುದು, ಜಾಡು ಹಿಡಿಯುವುದು, ರಾಷ್ಟ್ರಧ್ವಜವನ್ನು ಅರಿಯುವುದು ಈ ಮೂರರಲ್ಲಿ ಗೆದ್ದವರಿಗೆ ಮಾತ್ರ, ಸದಾ ಸಿದ್ಧನಾಗಿರಬೇಕೆಂಬ ಧ್ಯೇಯವನ್ನು ಕೆತ್ತಿದ ಸುರುಳಿಯಾಕಾರದ ಇನ್ನೊಂದು ತುಣುಕು ಅದರ ಕೆಳಗೆ ಸೇರಿತು.

ಮರುವರ್ಷ ಕಂತುಗಳಲ್ಲಿ ಹೊರಬಂದ ಅವರ ಪುಸ್ತಕದಿಂದ ಮೂರು ಮೆಟ್ಟಿಲುಗಳು ಬಳಕೆಗೆ ಬಂದವು. ಆಗಷ್ಟೇ ಸೇರಿದವನು, ಅನಂತರ ಎರಡನೆಯ ದರ್ಜೆ, ಅನಂತರ ಮೊದಲ ದರ್ಜೆ. ಎರಡನೆಯ ದರ್ಜೆಗೇರಲು ಹುಡುಗನು ಎರಡಕ್ಕಿಂತ ಹೆಚ್ಚು ಕಡ್ಡಿ ಗೀರದೆ ಬೆಂಕಿ ಹೊತ್ತಿಸಬೇಕಿತ್ತು. ನಿಗದಿತ ಡಬ್ಬಿಯೊಂದರ ಹೊರತು ಬೇರೆ ಪಾತ್ರೆಯಿಲ್ಲದೆ ಮಾಂಸವನ್ನೂ ಎರಡು ಆಲೂಗೆಡ್ಡೆಗಳನ್ನೂ ಬೇಯಿಸಬೇಕಿತ್ತು. ಓಟ ನಡಿಗೆಗಳನ್ನು ಬೆರೆಸಿ ಹನ್ನೆರಡು ನಿಮಿಷದಲ್ಲಿ ಒಂದು ಮೈಲಿ ಕ್ರಮಿಸಬೇಕಿತ್ತು. ಉಳಿತಾಯದ ಖಾತೆಯಲ್ಲಿ ಆರು ಪೆನ್ನಿಯಾದರೂ ಇರಬೇಕಿತ್ತು. ಮೊದಲ ದರ್ಜೆಗೆ ಐವತ್ತು ಗಜ ಈಜುವುದರ ಜೊತೆಗೆ, ಏಳು ಮೈಲಿ ದೂರದ ಸ್ಥಳಕ್ಕೆ ಹೋಗಿ ಮರಳಿ ಬಂದು ಕಂಡದ್ದನ್ನು ವರದಿಯಾಗಿ ಬರೆಯಬೇಕಿತ್ತು. ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ತಟ್ಟಿದ ಪರೀಕ್ಷೆ ಬೇರೆಯೇ ಇದೆ. ಮೊದಲ ದರ್ಜೆ ಬೇಕೆನ್ನುವವನು ಹೊಸ ಹುಡುಗನೊಬ್ಬನನ್ನು ತಾನೇ ತರಬೇತುಗೊಳಿಸಿ ಕರೆತರಬೇಕಿತ್ತು. ಇನ್ನೊಬ್ಬನನ್ನು ಏರಿಸದೆ ತಾನು ಮೇಲೇರುವಂತಿರಲಿಲ್ಲ.

1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ನಡೆದ ಸಮಾವೇಶಕ್ಕೆ ಕರೆಯದೆಯೇ ಬಂದು ನಿಂತ ಹುಡುಗಿಯರಿಂದ ಗೈಡ್ ಚಳವಳಿ ಹುಟ್ಟಿತು. ಅದರ ಆರಂಭದ ಹೊಣೆಯನ್ನು ಅವರ ಸೋದರಿ ಆಗ್ನೆಸ್ ಹೊತ್ತರು.

ಬ್ಯಾಡ್ಜುಗಳು ಹೆಚ್ಚಿದಂತೆ ಅವುಗಳ ಬೇಟೆಗೆ ಹೊರಟ ಹುಡುಗರೂ ಹೆಚ್ಚಿದರು. ಇದನ್ನು ಬೇಡನ್ ಪೊವೆಲ್ ಅವರು ಬೇಗನೆ ಗುರುತಿಸಿ ಅಧ್ಯಾಪಕರನ್ನು ಎಚ್ಚರಿಸಿದರು. ಅವರ ಮತದಲ್ಲಿ ಪರೀಕ್ಷಕನು ಅಳೆಯಬೇಕಾದದ್ದು ಕೌಶಲದ ಎತ್ತರವನ್ನಲ್ಲ, ಆ ಮಗು ಪಟ್ಟ ಶ್ರಮವನ್ನು. ಜಾಣನು ಸುಲಭವಾಗಿ ಮಾಡಿದ್ದಕ್ಕಿಂತ ಹಿಂದುಳಿದವನು ಹೆಣಗಿ ಮಾಡಿದ್ದು ದೊಡ್ಡದು. ಉತ್ತರಪತ್ರಿಕೆ ತಿದ್ದಿ ತಿದ್ದಿ ಕೈ ಪಳಗಿದ ನಮಗೆ ಈ ಅಳತೆಗೋಲು ಇಂದಿಗೂ ಕಷ್ಟವೆನಿಸುತ್ತದೆ.

ಭಾರತದಲ್ಲಿ ಸ್ಕೌಟ್ ಚಳವಳಿ 1909ರಲ್ಲಿ ಬೆಂಗಳೂರಿನಲ್ಲಿ ಮೊದಲಾಯಿತು. ಆದರೆ ಅದು ಯುರೋಪಿಯನ್ ಬಾಲಕರಿಗಾಗಿತ್ತು. ಈ ನೆಲದ ಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಆಗ ಆನಿ ಬೆಸೆಂಟರು ಮದರಾಸಿನಲ್ಲಿ, ಮದನ ಮೋಹನ ಮಾಳವೀಯರು ಉತ್ತರದಲ್ಲಿ ಭಾರತೀಯ ಬಾಲಕರಿಗಾಗಿ ಸಂಘಗಳನ್ನು ಕಟ್ಟಿದರು. ನಮ್ಮ ಕಾಸರಗೋಡು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. 1921ರಲ್ಲಿ ಬೇಡನ್ ಪೊವೆಲ್ ಅವರು ಇಲ್ಲಿಗೆ ಬಂದಾಗ ಬೆಸೆಂಟರ ಸಂಘವು ಮುಖ್ಯ ಸಂಸ್ಥೆಯೊಡನೆ ಕೂಡಿತು. ಮಾಳವೀಯರದು ಹೊರಗೇ ಉಳಿಯಿತು. 1937ರಲ್ಲಿ ದೆಹಲಿಯ ಜಾಂಬೂರಿಗೆ ಮತ್ತೆ ಬಂದು ಹೋದ ಮೇಲೆ ಭಾರತೀಯರ ಶೀಲದ ಕುರಿತು ಅವರು ಆಡಿದ ಲಘುವಾದ ಮಾತುಗಳು ಇಲ್ಲಿನವರನ್ನು ನೋಯಿಸಿದವು. ಅನೇಕರು ಸಂಸ್ಥೆಯನ್ನು ತೊರೆದು ಹಿಂದುಸ್ತಾನ್ ಸ್ಕೌಟ್ ಸಂಘವನ್ನು ಸ್ಥಾಪಿಸಿದರು. ಕೊಟ್ಟವನ ಮೇಲೆ ಮುನಿದರೂ ಬ್ಯಾಡ್ಜನ್ನು ಯಾರೂ ಎಸೆಯಲಿಲ್ಲ. ಸ್ವಾತಂತ್ರ್ಯದ ನಂತರ, 1950ರಲ್ಲಿ, ಸ್ಕೌಟ್ ಸಂಘಗಳು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಹೆಸರಿನಡಿ ಕೂಡಿಕೊಂಡವು. ಪ್ರವೇಶದಿಂದ ತೊಡಗಿ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ದಾಟಿ ರಾಜ್ಯ ಪುರಸ್ಕಾರಕ್ಕೂ ರಾಷ್ಟ್ರಪತಿ ಪುರಸ್ಕಾರಕ್ಕೂ ಏರುವ ನಮ್ಮ ಮಕ್ಕಳು ನಡೆಯುತ್ತಿರುವುದು ಆ ಹಳೆಯ ಮೆಟ್ಟಿಲುಗಳ ಮೇಲೆಯೇ.

ಮುಪ್ಪಿನಲ್ಲಿ ಬೇಡನ್ ಪೊವೆಲ್ ದಂಪತಿಗಳು ಕೆನ್ಯಾದ ನ್ಯೇರಿ ಎಂಬಲ್ಲಿ ಪುಟ್ಟ ಮನೆ ಕಟ್ಟಿಕೊಂಡು ನೆಲೆಸಿದರು. 1941ರ ಜನವರಿ 8ರಂದು ಅವರು ಅಲ್ಲಿಯೇ ನಿಧನರಾದರು. ಅವರ ಸಮಾಧಿಯ ಕಲ್ಲಿನ ಮೇಲೆ ಒಂದು ವೃತ್ತವಿದೆ, ಅದರ ನಡುವೆ ಒಂದು ಚುಕ್ಕೆ. ಜಾಡಿನ ಗುರುತುಗಳನ್ನು ಕಲಿಯುವ ದಿನ ನಮ್ಮ ಮಕ್ಕಳು ಶಾಲೆಯ ಅಂಗಳದ ಕೆಂಪು ಮಣ್ಣಿನಲ್ಲಿ ಕೋಲಿನಿಂದ ಗೀಚುವ ಗುರುತೂ ಅದೇ: ನಾನು ಮನೆಗೆ ಹೋಗಿದ್ದೇನೆ ಎಂದು ಅದರ ಅರ್ಥ.