ಬೀದರಿಗೆ ಬಂದಿದ್ದ ರಷ್ಯದ ಕಿರು ವರ್ತಕ ಅಫನಾಸಿ ನಿಕಿತಿನ್

ಬೀದರ್: ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಈ ನಗರಕ್ಕೆ ಐದೂವರೆ ಶತಮಾನಗಳ ಹಿಂದೆ ದೂರದ ರಷ್ಯದಿಂದ ಒಬ್ಬ ವರ್ತಕ ಬಂದಿದ್ದ. ಆತನಿಗೆ ಯಾವ ರಾಜಾಶ್ರಯವೂ ಇರಲಿಲ್ಲ. ಬಂಡವಾಳವೆಂದರೆ ಒಂದೇ ಒಂದು ಕುದುರೆ. ಬೆಲೆಯಲ್ಲಿ ಸುಲಭ, ಗುಣದಲ್ಲಿ ಉತ್ತಮ ಎನಿಸುವ ಸರಕನ್ನು ಹುಡುಕಿ ತಾಯ್ನಾಡಿಗೆ ಒಯ್ಯಬೇಕೆಂಬುದು ಆತನ ಹಂಬಲ. ಸರಕು ದೊರೆಯಲಿಲ್ಲ, ಹುಟ್ಟೂರನ್ನೂ ಆತ ಮತ್ತೆ ಕಾಣಲಿಲ್ಲ. ಆದರೆ ಆತ ಬರೆದಿಟ್ಟ ಟಿಪ್ಪಣಿಗಳು ಉಳಿದವು. ಆತನೇ ಅಫನಾಸಿ ನಿಕಿತಿನ್.

ವೋಲ್ಗಾ ನದಿಯ ದಂಡೆಯ ತ್ವೇರ್ ಆತನ ಊರು. ಅಲ್ಲಿಂದ ಹೊರಟದ್ದು 1466ರಲ್ಲಿ ಎಂಬುದು ಹಳೆಯ ಎಣಿಕೆಯಾದರೆ, 1468ರಲ್ಲಿ ಎಂಬುದು ಇನ್ನು ಕೆಲವು ವಿದ್ವಾಂಸರ ಮತ. ಅಸ್ತ್ರಖಾನದ ಬಳಿ ನಡೆದ ಲೂಟಿಯಲ್ಲಿ ಸರಕೆಲ್ಲ ಹೋಯಿತು. ಜೊತೆಗಿದ್ದ ಧರ್ಮಗ್ರಂಥಗಳೂ ಹೋದವು. ಬರಿಗೈಯಲ್ಲಿ ಮರಳಲಾರದೆ ಬಾಕು, ಪರ್ಷಿಯ, ಹೊರ್ಮುಜ್ ಮಾರ್ಗವಾಗಿ ಸಮುದ್ರ ದಾಟಿ ಕೊಂಕಣದ ಚೌಲ್ ಬಂದರಿನಲ್ಲಿ ಇಳಿದ.

ಜುನ್ನರಿನಲ್ಲಿ ಮತ್ತೊಂದು ಆಘಾತ ಕಾದಿತ್ತು. ಅಲ್ಲಿನ ಅಧಿಪತಿ ಅಸದ್ ಖಾನ್ ಕುದುರೆಯನ್ನು ಕಸಿದುಕೊಂಡು, ಇಸ್ಲಾಂ ಸ್ವೀಕರಿಸಿದರೆ ಅದನ್ನೂ ಸಾವಿರ ಹೊನ್ನನ್ನೂ ಕೊಡುವುದಾಗಿ ನಾಲ್ಕು ದಿನಗಳ ಗಡುವು ವಿಧಿಸಿದ. ಖುರಾಸಾನದ ಮುಹಮ್ಮದ್ ಎಂಬ ಸಜ್ಜನರ ಮಧ್ಯಸ್ಥಿಕೆಯಿಂದ ಧರ್ಮವೂ ಉಳಿಯಿತು, ಕುದುರೆಯೂ ಮರಳಿತು. ಕಲಬುರಗಿಯ ಸೀಮೆಯಲ್ಲಿ ಸಾಗಿ ಬೀದರ್ ಸೇರಿದ ನಿಕಿತಿನ್, ನೂರು ರೂಬಲ್ ವೆಚ್ಚ ತಗುಲಿದ್ದ ಆ ಕುದುರೆಯನ್ನು ಕೊನೆಗೆ ಇಲ್ಲಿಯೇ ಮಾರಿದ.

ಆತನ ಕಣ್ಣು ವರ್ತಕನದು. ಈ ನಾಡಿನಲ್ಲಿ ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಬೆಣ್ಣೆ ಬೆರೆಸಿದ ಕಿಚಡಿ ಬೇಯಿಸಿ ಹಾಕುತ್ತಾರೆ ಎಂದು ಬರೆದಿಟ್ಟ. ಭಾಲ್ಕಿ, ಔರಾದ್ ಹೊಲಗಳ ಕಡಲೆ ಬೆಳೆಯನ್ನು ಬಲ್ಲವರಿಗೆ ಇದು ಅಚ್ಚರಿಯ ಮಾತಲ್ಲ. ಆಳಂದದ ಜಾತ್ರೆ ಹತ್ತು ದಿನ ನಡೆಯುವುದನ್ನೂ ಅಲ್ಲಿಗೆ ಇಪ್ಪತ್ತು ಸಾವಿರ ಕುದುರೆಗಳು ಬರುವುದನ್ನೂ ದಾಖಲಿಸಿದ.

ಪಾನೀಯಗಳೂ ಆತನ ಗಮನ ತಪ್ಪಿಸಿಕೊಳ್ಳಲಿಲ್ಲ. ದಖ್ಖನ್ನಿನಲ್ಲಿ ತೆಂಗಿನಿಂದ ಒಂದು ಮದ್ಯ, ಮತ್ತೊಂದು ಮರದಿಂದ ಇನ್ನೊಂದು ಮದ್ಯ ತಯಾರಾಗುವುದನ್ನು ಆತ ಗುರುತಿಸಿದ. ಈ ಎರಡನೆಯದು ತಾಳೆ ಮರದ ಹೆಂಡವೆಂದು ವಿದ್ವಾಂಸರು ಅರ್ಥೈಸುತ್ತಾರೆ. ಬೆಳಗಿನ ಜಾವ ಮಡಕೆಯಿಂದ ಇಳಿಸುವ ಸಿಹಿ ರಸ ಗಾಳಿಯ ಯೀಸ್ಟ್ ತಾಗಿ ಕೆಲವೇ ಗಂಟೆಗಳಲ್ಲಿ ಹುದುಗಿ ನೊರೆಯೇಳುತ್ತದೆ. ಫ್ರಾನ್ಸಿನ ಷಾಂಪೇನ್ ಸೀಸೆಯಲ್ಲಿ ಗುಳ್ಳೆಯೆಬ್ಬಿಸುವುದೂ ಇದೇ ಇಂಗಾಲದ ಡೈಆಕ್ಸೈಡ್. ಅಲ್ಲಿ ಅದನ್ನು ಸೀಸೆಯೊಳಗೆ ಬಂಧಿಸುತ್ತಾರೆ, ಇಲ್ಲಿ ಅದು ಮಡಕೆಯ ಬಾಯಿಂದ ಹಾರಿಹೋಗುತ್ತದೆ. ಷಾಂಪೇನ್ ಸೀಮೆಯ ಸಣ್ಣ ದ್ರಾಕ್ಷಿ ಬೆಳೆಗಾರರು ತಾವೇ ತಯಾರಿಸಿದ ಸೀಸೆಗೆ ಆರ್.ಎಂ. ಎಂಬ ಗುರುತು ಹಾಕುತ್ತಾರೆ. ದೊಡ್ಡ ಕಂಪನಿಗಳ ಹೆಸರಿಗೆ ತೆರುವ ಹಣವನ್ನು ಉಳಿಸಲೆಣಿಸುವ ರಸಿಕರು ಅದನ್ನೇ ಹುಡುಕುತ್ತಾರೆ. ಮರ ಹತ್ತಿ ರಸ ಇಳಿಸುತ್ತಿದ್ದ ನಮ್ಮ ಶ್ರಮಿಕನಿಗೆ ಅಂಥ ಗುರುತು ದೊರೆಯಲಿಲ್ಲ. ನಿಜಾಮರ ಕಾಲದಲ್ಲಿ ಹೆಂಡ, ಸೇಂದಿಯ ಅಬಕಾರಿ ವರಮಾನ ಬೊಕ್ಕಸ ತುಂಬಿಸಿತು.

ಇಂಥ ಅಂತರ ನಿಕಿತಿನ್ ಕಣ್ಣಿಗೂ ಬಿದ್ದಿತ್ತು. ಶ್ರೀಮಂತರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಮೆರೆಯುವಾಗ ಹಳ್ಳಿಗರು ಕಡುಬಡತನದಲ್ಲಿದ್ದರೆಂದು ಆತ ನಿರ್ದಾಕ್ಷಿಣ್ಯವಾಗಿ ಬರೆದ. ಮಹಮೂದ್ ಗವಾನ್ ವಜೀರನಾಗಿದ್ದ ವೈಭವದ ಕಾಲವದು. ಗವಾನನ ಮದರಸಾ ಪೂರ್ಣಗೊಂಡದ್ದು 1472ರಲ್ಲಿ.

ಖೋಜಾ ಯೂಸುಫ್ ಎಂಬ ಹೆಸರಿನಲ್ಲಿದ್ದ ನಿಕಿತಿನ್, ತಾನು ಕ್ರೈಸ್ತನೆಂಬ ಸತ್ಯವನ್ನು ಬೀದರಿನ ಹಿಂದೂಗಳ ಮುಂದೆ ಹೇಳಿಕೊಂಡ. ಆ ಬಳಿಕ ಅವರು ಆತನಿಂದ ಏನನ್ನೂ ಮುಚ್ಚಿಡಲಿಲ್ಲ. ಶ್ರೀಶೈಲದ ಯಾತ್ರೆಗೂ ಕರೆದೊಯ್ದರು. ಆದರೂ ಒಳಗಿನ ವೇದನೆ ಶಮನವಾಗಲಿಲ್ಲ. ಗ್ರಂಥಗಳಿಲ್ಲದೆ ಈಸ್ಟರ್ ಹಬ್ಬದ ದಿನವೇ ತಿಳಿಯದಾಯಿತು. ಉಪವಾಸವನ್ನು ಇತರರ ರಂಜಾನಿನೊಡನೆ ಆಚರಿಸಿದ. ತನ್ನ ಧರ್ಮ ಕೈಜಾರುತ್ತಿದೆಯೇ ಎಂಬ ಅಳುಕು ಟಿಪ್ಪಣಿಗಳ ಉದ್ದಕ್ಕೂ ಕಾಣುತ್ತದೆ.

ವ್ಯಾಪಾರದ ಲೆಕ್ಕವೂ ಕೂಡಿಬರಲಿಲ್ಲ. ಮೆಣಸು, ಬಣ್ಣ ಅಗ್ಗವಾಗಿದ್ದರೂ ಸುಂಕ ಹೆಚ್ಚು, ಕಡಲ್ಗಳ್ಳರ ಕಾಟ ಇನ್ನೂ ಹೆಚ್ಚು. ದಾಭೋಳದಿಂದ ಹಡಗೇರಿ, ಹೊರ್ಮುಜ್, ತಬ್ರೀಜ್, ಟ್ರೆಬಿಜಾಂಡ್ ದಾಟಿ ಕಪ್ಪು ಸಮುದ್ರದ ಕಾಫಾ ತಲುಪಿದ. ಅಲ್ಲಿಂದ ಮುಂದೆ, ಸ್ಮೊಲೆನ್ಸ್ಕ್ ಮುಟ್ಟುವ ಮೊದಲೇ ದಾರಿಯಲ್ಲಿ ಕಣ್ಮುಚ್ಚಿದ. ಆತನ ಹಸ್ತಪ್ರತಿಯನ್ನು ವರ್ತಕರು ಮಾಸ್ಕೋಗೆ ಮುಟ್ಟಿಸಿದ್ದು 1475ರಲ್ಲಿ.

ತ್ವೇರ್ ನಗರದಲ್ಲಿ 1955ರಲ್ಲಿ ಆತನ ಪ್ರತಿಮೆ ಸ್ಥಾಪನೆಯಾಯಿತು. 1957ರಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸ್ ಮತ್ತು ವಸೀಲಿ ಪ್ರೋನಿನ್ ಜೊತೆಗೂಡಿ ಆತನ ಕಥೆಯನ್ನು 'ಪರದೇಸಿ' ಚಿತ್ರವಾಗಿಸಿದರು. ಸುಲ್ತಾನರ ಚರಿತ್ರೆ ಬರೆಯಲು ಆಸ್ಥಾನದವರಿದ್ದರು. ಕಡಲೆ, ಕಿಚಡಿ, ಹೆಂಡ, ಹಳ್ಳಿಗರ ಬಡತನವನ್ನು ಬರೆದಿಡಲು ಮಾತ್ರ ನಷ್ಟಕ್ಕೊಳಗಾದ ಒಬ್ಬ ಪರದೇಶಿಯೇ ಬರಬೇಕಾಯಿತು.