ಆನ್ಸೆಲ್ಮ್ ಪಾಯೆನ್: ಕಾರ್ಖಾನೆಯಿಂದ ಕೋಶಭಿತ್ತಿಯವರೆಗೆ

ಸಸ್ಯಕೋಶದ ಪಾಠದಲ್ಲಿ ಕೋಶಭಿತ್ತಿಯು ಸೆಲ್ಯುಲೋಸ್‌ನಿಂದ ಆಗಿದೆ ಎಂದು ಕಪ್ಪುಹಲಗೆಯ ಮೇಲೆ ಬರೆದು ನಾವು ಮುಂದೆ ಸಾಗುತ್ತೇವೆ. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡುತ್ತಾರೆ. ಆ ಪದದ ಹಿಂದೆ ಒಬ್ಬ ಮನುಷ್ಯನ ಹಲವು ವರ್ಷಗಳ ದುಡಿಮೆ ಇದೆ ಎಂಬುದು ಪಾಠದಿಂದ ಹೊರಗೇ ಉಳಿಯುತ್ತದೆ. ಆತ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆನ್ಸೆಲ್ಮ್ ಪಾಯೆನ್.

ಪಾಯೆನ್ 1795ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಜನಿಸಿದರು. ತಂದೆ ರಾಸಾಯನಿಕ ಕಾರ್ಖಾನೆಗಳ ಒಡೆಯರು. ಮಗನ ಮೊದಲ ಗುರುವೂ ಅವರೇ. ಬಳಿಕ ವೋಕ್ಲೆ, ಶೆವ್ರೊಲ್‌ರಂತಹ ಹೆಸರಾಂತ ರಸಾಯನಶಾಸ್ತ್ರಜ್ಞರ ಬಳಿ ಕಲಿತರು. ಇಪ್ಪತ್ತರ ವಯಸ್ಸಿಗೇ ಬಿಳಿಗಾರ ಶುದ್ಧೀಕರಿಸುವ ಕಾರ್ಖಾನೆಯ ಹೊಣೆ ಹೆಗಲೇರಿತು. ಆಗ ಬಿಳಿಗಾರದ ವ್ಯಾಪಾರ ಡಚ್ಚರ ಹಿಡಿತದಲ್ಲಿತ್ತು. ಇಟಲಿಯಲ್ಲಿ ಸಿಗುವ ಬೋರಿಕ್ ಆಮ್ಲದಿಂದ ಅದನ್ನು ತಯಾರಿಸಿ, ಕಡಿಮೆ ಬೆಲೆಗೆ ಮಾರಿ, ಪಾಯೆನ್ ಆ ಹಿಡಿತವನ್ನು ಮುರಿದರು.

ಮುಂದೆ ಅವರ ಗಮನ ಬೀಟ್ ಸಕ್ಕರೆಯ ಕಡೆ ಹರಿಯಿತು. ಸಕ್ಕರೆ ಪಾಕದ ಕಂದು ಬಣ್ಣ ತೆಗೆಯಲು ಮೂಳೆ ಇದ್ದಿಲನ್ನು ಬಳಸಿದರು. ಬಣ್ಣ ಹೋಯಿತು, ಸಾಕು ಎನ್ನಲಿಲ್ಲ. ಇದ್ದಿಲಿನಲ್ಲಿ ಬಣ್ಣ ಹೀರುವುದು ಯಾವ ಅಂಶ ಎಂದು ಹುಡುಕಿದರು. ಎಷ್ಟು ಬಣ್ಣ ಹೋಯಿತೆಂದು ಅಳೆಯಲು ಒಂದು ಉಪಕರಣವನ್ನೇ ರೂಪಿಸಿದರು. ಈ ಅಧ್ಯಯನ 1822ರಲ್ಲಿ ಪ್ರಕಟವಾಯಿತು.

1833ರಲ್ಲಿ ಪೆರ್ಸೊ ಎಂಬವರೊಡನೆ ಸೇರಿ ಮೊಳಕೆ ಬಂದ ಬಾರ್ಲಿಯಿಂದ ಪಿಷ್ಟವನ್ನು ಸಕ್ಕರೆಯಾಗಿಸುವ ವಸ್ತುವನ್ನು ಬೇರ್ಪಡಿಸಿ, ಡಯಾಸ್ಟೇಸ್ ಎಂದು ಹೆಸರಿಟ್ಟರು. ಇಂದು ನಾವು ಹೇಳಿಕೊಡುವ ಅಮೈಲೇಸ್, ಲೈಪೇಸ್ ಮುಂತಾದ ಕಿಣ್ವಗಳ ಹೆಸರಿನ ಕೊನೆಯ ‘ಏಸ್’ ಬಂದದ್ದು ಈ ಪದದಿಂದಲೇ.

1838ರಲ್ಲಿ ಅವರು ಬೇರೆ ಬೇರೆ ಸಸ್ಯಭಾಗಗಳನ್ನು ಆಮ್ಲ, ಕ್ಷಾರಗಳಿಂದ ತೊಳೆದು, ಉಳಿದ ನಾರನ್ನು ವಿಶ್ಲೇಷಿಸಿದರು. ಸಸ್ಯ ಯಾವುದೇ ಇರಲಿ, ಶುದ್ಧವಾಗಿ ಉಳಿದ ವಸ್ತು ಒಂದೇ. ಅದರಲ್ಲಿ ತೂಕದ ಸುಮಾರು 44 ಶೇಕಡ ಕಾರ್ಬನ್. ಧಾತುಗಳ ಪ್ರಮಾಣದಲ್ಲಿ ಪಿಷ್ಟಕ್ಕೆ ಸಮ, ಗುಣದಲ್ಲಿ ಬೇರೆ. ಅದಕ್ಕೆ ಸೆಲ್ಯುಲೋಸ್ ಎಂಬ ಹೆಸರು ನಿಂತಿತು.

ಇಷ್ಟರಲ್ಲಿ ಪಾಯೆನ್ ಪ್ರಾಧ್ಯಾಪಕರೂ ಆಗಿದ್ದರು. ಕೈಗಾರಿಕೆಯಲ್ಲಿ ಕಂಡದ್ದನ್ನೇ ತರಗತಿಗೆ ತಂದರು. 1870ರಲ್ಲಿ ಪ್ರಷ್ಯಾದ ಸೈನ್ಯ ಪ್ಯಾರಿಸ್‌ಗೆ ಮುತ್ತಿಗೆ ಹಾಕಿದಾಗಲೂ ಊರು ಬಿಡಲು ಒಪ್ಪಲಿಲ್ಲ. 1871ರ ಮೇ ತಿಂಗಳಲ್ಲಿ ಅಲ್ಲೇ ತೀರಿಕೊಂಡರು. ಸೆಲ್ಯುಲೋಸ್ ಸಂಶೋಧನೆಗಾಗಿ ಅಮೆರಿಕನ್ ಕೆಮಿಕಲ್ ಸೊಸೈಟಿ ನೀಡುವ ಪ್ರಶಸ್ತಿ ಇಂದಿಗೂ ಅವರ ಹೆಸರಿನಲ್ಲಿದೆ.

ಪಾಯೆನ್ ಬೇರೆ ಬೇರೆಯಾಗಿ ಪರೀಕ್ಷಿಸಿದ್ದ ಸೆಲ್ಯುಲೋಸ್ ಮತ್ತು ಕಾರ್ಬನ್ ಈಗ ಒಂದೇ ಹಾಳೆಯಲ್ಲಿ ಕೂಡಿವೆ. ಸೆಲ್ಯುಲೋಸ್‌ನ ಅತಿ ಸಣ್ಣ ನಾರುಗಳೊಂದಿಗೆ ಕಾರ್ಬನ್ ನ್ಯಾನೊ ಕೊಳವೆ ಅಥವಾ ಗ್ರಾಫೀನ್ ಬೆರೆಸಿ ತೆಳು ಹಾಳೆ ಮಾಡುತ್ತಾರೆ. ಸೆಲ್ಯುಲೋಸ್ ವಿದ್ಯುತ್ ಹರಿಸದು. ಆದರೆ ಮೃದುತ್ವ ಕೊಡುತ್ತದೆ, ಬೆವರಿನ ತೇವವನ್ನು ಹೀರುತ್ತದೆ. ಕಾರ್ಬನ್ ಕಣಗಳು ಒಂದಕ್ಕೊಂದು ತಾಗುವಷ್ಟಾದಾಗ ವಿದ್ಯುತ್ತಿಗೆ ದಾರಿ ಸಿಗುತ್ತದೆ. ಚರ್ಮಕ್ಕೆ ಅಂಟಿಸಿ ಹೃದಯದ ವಿದ್ಯುತ್ ಸಂಕೇತ ಪಡೆಯಲು ಇಂಥ ಹಾಳೆಗಳನ್ನು ಸಂಶೋಧಕರು ರೂಪಿಸುತ್ತಿದ್ದಾರೆ. ಅವು ಚರ್ಮಕ್ಕೆ ಹಾನಿ ಮಾಡವು ಎಂಬುದನ್ನು ಜೀವಕೋಶಗಳ ಮೇಲೆ ಪರೀಕ್ಷಿಸಿಯೇ ನಂಬಬೇಕು.

ಬೋಧನಾ ಅಭ್ಯಾಸಕ್ಕೆ ಇದರಿಂದ ಒಂದು ಸುಲಭ ಚಟುವಟಿಕೆ ಸಿಗುತ್ತದೆ. ಕಾಗದವೆಂದರೆ ಬಹುಪಾಲು ಸೆಲ್ಯುಲೋಸ್. ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಕಾರ್ಬನ್ನಿನ ಒಂದು ರೂಪ. ಮೆದು ಪೆನ್ಸಿಲಿನಿಂದ (6ಬಿ) ಕಾಗದದ ಮೇಲೆ ಗಿಡ್ಡನೆಯ, ದಪ್ಪನೆಯ ಕಪ್ಪು ಪಟ್ಟಿ ತೀಡಿಸಿ. ಅದನ್ನು 9 ವೋಲ್ಟ್ ಬ್ಯಾಟರಿ ಮತ್ತು ಎಲ್‌ಇಡಿ ಇರುವ ಮಂಡಲದಲ್ಲಿ ಸೇರಿಸಿದರೆ ಎಲ್‌ಇಡಿ ಮಂಕಾಗಿ ಬೆಳಗುತ್ತದೆ. ಬರಿ ಕಾಗದ ಇಟ್ಟರೆ ಬೆಳಗದು. ಪಟ್ಟಿ ಉದ್ದವಾದಂತೆ ಬೆಳಕು ಏನಾಗುತ್ತದೆ ಎಂದು ಮಕ್ಕಳೇ ಅಳೆದು ಬರೆಯಲಿ. ಉತ್ತರ ಬಂದ ಮೇಲೂ ಅಳೆಯುವುದನ್ನು ಬಿಡದ ಪಾಯೆನ್ ಅವರ ಪರಿಚಯವನ್ನು ಆಮೇಲೆ ಮಾಡಿಸಿದರೆ, ಸೆಲ್ಯುಲೋಸ್ ಎಂಬ ಪದ ಮಕ್ಕಳ ಮನಸ್ಸಿನಲ್ಲಿ ನಿಲ್ಲುತ್ತದೆ.